ಗುಣವಾಯಿತು, ಆದರೆ ಯಾವುದರಿಂದ?

ಕೆಲವು ತಿಂಗಳ ಹಿಂದೆ ಐವತ್ತರ ಆಸುಪಾಸಿನ ಒಬ್ಬ ಸಹೋದರಿ ಮಗನೊಂದಿಗೆ ನನ್ನ ಕ್ಲಿನಿಕ್ಕಿಗೆ ಬಂದರು. ಸ್ತನದಲ್ಲಿ ಗಂಟು. ಮೊದಲು ಕೈಗೆ ಸಿಕ್ಕಾಗ ಕಡಲೆಕಾಳಿನಷ್ಟಿದ್ದದ್ದು ಈಗ ನಿಂಬೆಹಣ್ಣಿನಷ್ಟಾಗಿತ್ತು. ನಡುವಿನ ಒಂಬತ್ತು ತಿಂಗಳು ಅವರು ದಿನಕ್ಕೆ ಮೂರು ಹೊತ್ತು ಬಿಳಿ ಸಿಹಿ ಗುಳಿಗೆ ಚೀಪಿದ್ದರು.

“ಸೂಜಿ ಚುಚ್ಚಿದ್ರೆ ಹರಡ್ತದೆ, ಈ ಮದ್ದು ನಿಧಾನ, ಆದ್ರೆ ಬೇರಿನಿಂದಲೇ ತೆಗೀತದೆ ಅಂತ ಹೇಳಿದ್ರು ಡಾಕ್ಟ್ರೇ. ಕಮ್ಮಿ ಆಗ್ಲಿಲ್ಲ. ಹಾಗೆ ಒಮ್ಮೆ ಯುನಾನಿ ಮಾಡಿ ನೋಡುವ ಅಂತ ಬಂದದ್ದು” ಎಂದರು.

ನಾನು ಯಾವ ಔಷಧವನ್ನೂ ಕೊಡಲಿಲ್ಲ. ಅಂದೇ ಒಬ್ಬ ಸರ್ಜನ್‌ಗೆ ಚೀಟಿ ಬರೆದು, ಮಗನನ್ನು ಪಕ್ಕಕ್ಕೆ ಕರೆದು, “ನಾಳೆ ಅಲ್ಲ, ಇವತ್ತೇ ಹೋಗಬೇಕು” ಎಂದೆ. ಸೂಜಿ ಪರೀಕ್ಷೆಯಿಂದ ಕ್ಯಾನ್ಸರ್ ಹರಡುತ್ತದೆ ಎಂಬ ಭಯದಿಂದ ಪರೀಕ್ಷೆಯನ್ನೇ ಬಿಡುವುದು ಸರಿಯಲ್ಲ. ಪರೀಕ್ಷೆ ತಡವಾದಷ್ಟೂ ರೋಗ ತನ್ನ ಪಾಡಿಗೆ ಮುಂದುವರಿಯುತ್ತದೆ.

ಅವರು ಹೋದ ಮೇಲೆ ನನ್ನನ್ನು ಕಾಡಿದ್ದು ಆ ಗುಳಿಗೆಗಿಂತಲೂ “ಒಮ್ಮೆ ಯುನಾನಿ ಮಾಡಿ ನೋಡುವ” ಎಂಬ ಮಾತು. ನಾನು ಬಿ.ಯು.ಎಂ.ಎಸ್. ಓದಿದ ಯುನಾನಿ ವೈದ್ಯ. ಹೋಮಿಯೋಪಥಿಯ ಬಗ್ಗೆ ನಾನು ಬರೆದರೆ, “ಪಕ್ಕದ ಮನೆಗೆ ಕಲ್ಲು ಹೊಡೆಯುತ್ತಿದ್ದಾರೆ” ಎಂದು ಕೆಲವರಿಗೆ ಅನಿಸಬಹುದು. ಆದ್ದರಿಂದ ಈ ಲೇಖನದಲ್ಲಿ ಯಾವ ತಕ್ಕಡಿಯಲ್ಲಿ ಹೋಮಿಯೋಪಥಿಯನ್ನು ತೂಗುತ್ತೇನೋ ಅದೇ ತಕ್ಕಡಿಯಲ್ಲಿ ನನ್ನ ಪದ್ಧತಿಯನ್ನೂ ತೂಗುತ್ತೇನೆ.

ಹೋಮಿಯೋಪಥಿ ಹುಟ್ಟಿದ ಕಾಲ

ಹೋಮಿಯೋಪಥಿಯನ್ನು ಅನೇಕರು ನಮ್ಮ ದೇಶದ ಗಿಡಮೂಲಿಕೆ ವೈದ್ಯ ಎಂದೇ ತಿಳಿದಿದ್ದಾರೆ. ಅದು ಹಾಗಲ್ಲ. ಅದನ್ನು ಹುಟ್ಟುಹಾಕಿದವರು ಜರ್ಮನಿಯ ವೈದ್ಯ ಸ್ಯಾಮ್ಯುಯೆಲ್ ಹಾನೆಮನ್ (1755–1843). ಅವರ ಕಾಲದ ಯುರೋಪಿನ ವೈದ್ಯಕೀಯ ಭಯಂಕರವಾಗಿತ್ತು. ಜ್ವರ ಬಂದರೆ ರಕ್ತ ಹರಿಸುವುದು, ಪಾದರಸ ತಿನ್ನಿಸುವುದು, ವಾಂತಿ–ಭೇದಿ ಮಾಡಿಸುವುದು ಸಾಮಾನ್ಯ ಚಿಕಿತ್ಸೆ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1799ರಲ್ಲಿ ಗಂಟಲು ಬೇನೆಯಿಂದ ಮಲಗಿದಾಗ ಅವರಿಂದಲೂ ವೈದ್ಯರು ಬಹಳಷ್ಟು ರಕ್ತ ತೆಗೆದಿದ್ದರು. ಇಂತಹ ಚಿಕಿತ್ಸೆಯಿಂದ ಬೇಸತ್ತ ಹಾನೆಮನ್ ವೃತ್ತಿಯನ್ನೇ ಬಿಟ್ಟು ಪುಸ್ತಕಗಳ ಅನುವಾದದಿಂದ ಜೀವನ ಸಾಗಿಸಿದ್ದೂ ಉಂಟು. ಆ ಬೇಸರ ನ್ಯಾಯವಾದದ್ದೇ.

1790ರಲ್ಲಿ ಅವರು ಸಿಂಕೋನಾ ತೊಗಟೆಯನ್ನು ತಾವೇ ತಿಂದು ನೋಡಿದರು. ಮಲೇರಿಯಾಕ್ಕೆ ಔಷಧವಾದ ಈ ತೊಗಟೆ ತನ್ನಲ್ಲಿ ಮಲೇರಿಯಾದಂತಹ ಲಕ್ಷಣಗಳನ್ನೇ ಹುಟ್ಟಿಸಿತು ಎಂದು ಅವರಿಗೆ ಕಂಡಿತು. ಇದರಿಂದ, ಆರೋಗ್ಯವಂತನಲ್ಲಿ ಒಂದು ಲಕ್ಷಣವನ್ನು ಹುಟ್ಟಿಸುವ ವಸ್ತುವೇ ರೋಗಿಯಲ್ಲಿ ಆ ಲಕ್ಷಣವನ್ನು ನೀಗಿಸುತ್ತದೆ ಎಂಬ ತತ್ವವನ್ನು ಕಟ್ಟಿದರು. 1810ರಲ್ಲಿ ‘ಆರ್ಗನನ್’ ಗ್ರಂಥ ಪ್ರಕಟಿಸಿದರು.

ಆದರೆ ಸಿಂಕೋನಾ ಕೆಲಸ ಮಾಡುವ ಬಗೆ ಬೇರೆ. ಅದರಲ್ಲಿರುವ ಕ್ವಿನೈನ್ ಎಂಬ ಅಂಶವನ್ನು 1820ರಲ್ಲಿ ಫ್ರಾನ್ಸಿನಲ್ಲಿ ಬೇರ್ಪಡಿಸಲಾಯಿತು. ಮಲೇರಿಯಾದ ರೋಗಾಣುವನ್ನು 1880ರಲ್ಲಿ ಲಾವೆರಾನ್ ಕಂಡುಹಿಡಿದರು. ಕ್ವಿನೈನ್ ರಕ್ತದಲ್ಲಿರುವ ಆ ರೋಗಾಣುವನ್ನು ಕೊಲ್ಲುತ್ತದೆ. ಜ್ವರಕ್ಕೆ ಹೋಲುವ ಜ್ವರ ಹುಟ್ಟಿಸಿ ವಾಸಿ ಮಾಡುವುದಿಲ್ಲ. ಅಡಿಪಾಯದ ಮೊದಲ ಕಲ್ಲೇ ಹೀಗೆ ಅಲುಗಾಡಿತು.

ಒಂದು ಹನಿಯ ಲೆಕ್ಕ

ಎರಡನೆಯ ತತ್ವ ಇನ್ನೂ ವಿಚಿತ್ರ. ಔಷಧವನ್ನು ತೆಳುವಾಗಿಸಿ ಕುಲುಕಿದಷ್ಟೂ ಅದರ ಶಕ್ತಿ ಹೆಚ್ಚುತ್ತದೆ ಎಂಬುದು ಅದು. ಸೀಸೆಯ ಮೇಲೆ ‘30’ ಎಂದು ಬರೆದಿರುವುದನ್ನು ನೀವು ನೋಡಿರುತ್ತೀರಿ. ಅದರ ಅರ್ಥ ಇಷ್ಟು: ಮೂಲ ಔಷಧದ ಒಂದು ಹನಿಯನ್ನು 99 ಹನಿ ನೀರು ಅಥವಾ ಮದ್ಯಸಾರದಲ್ಲಿ ಬೆರೆಸುತ್ತಾರೆ. ಅದರಿಂದ ಒಂದು ಹನಿ ತೆಗೆದು ಮತ್ತೆ 99 ಹನಿಯಲ್ಲಿ. ಹೀಗೆ ಮೂವತ್ತು ಸಲ. ಕೊನೆಗೆ ಮೂಲ ಔಷಧದ ಪಾಲು ಎಷ್ಟಾಯಿತು? ಒಂದರ ಮುಂದೆ 60 ಸೊನ್ನೆ ಹಾಕಿ, ಅಷ್ಟರಲ್ಲಿ ಒಂದು ಭಾಗ.

ಭೂಮಿಯ ಮೇಲಿರುವ ಎಲ್ಲ ಸಮುದ್ರಗಳ ನೀರಿನಲ್ಲಿ ಔಷಧದ ಒಂದೇ ಒಂದು ಹನಿ ಬೆರೆಸಿದರೂ ನಾವು ತಲಪುವುದು ಸುಮಾರು 13ನೆಯ ಹಂತವನ್ನು ಮಾತ್ರ. ಅಲ್ಲಿಂದ ಮುಂದೆ ಇನ್ನೂ 17 ಹಂತ ಉಳಿದಿರುತ್ತದೆ. ರಸಾಯನಶಾಸ್ತ್ರದ ಅವೊಗಾಡ್ರೊ ಸಂಖ್ಯೆಯ ಲೆಕ್ಕದಂತೆ 12ನೆಯ ಹಂತ ದಾಟಿದ ಮೇಲೆ ಮೂಲವಸ್ತುವಿನ ಒಂದು ಅಣುವಾದರೂ ಸೀಸೆಯಲ್ಲಿ ಉಳಿದಿರುವ ಸಂಭವವೇ ಬಹಳ ಕಡಿಮೆ. 30ರಲ್ಲಿ ಅದು ಇಲ್ಲವೆಂದೇ ಹೇಳಬಹುದು. ಉಳಿಯುವುದು ನೀರು, ಮದ್ಯಸಾರ ಮತ್ತು ಸಕ್ಕರೆ.

“ಅಣು ಇಲ್ಲದಿದ್ದರೂ ನೀರಿಗೆ ನೆನಪಿರುತ್ತದೆ” ಎಂಬ ವಾದವಿದೆ. 1988ರಲ್ಲಿ ಫ್ರಾನ್ಸಿನ ವಿಜ್ಞಾನಿ ಬೆನ್‌ವೆನಿಸ್ತ್ ಹಾಗೆ ಸೂಚಿಸುವ ಫಲಿತಾಂಶವನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಪತ್ರಿಕೆಯ ತಂಡ ಅವರ ಪ್ರಯೋಗಾಲಯಕ್ಕೇ ಹೋಗಿ, ಯಾವ ನಳಿಗೆಯಲ್ಲಿ ಏನಿದೆ ಎಂಬುದನ್ನು ಪ್ರಯೋಗ ಮಾಡುವವರಿಂದ ಮರೆಮಾಡಿ ಮತ್ತೆ ಮಾಡಿಸಿದಾಗ ಆ ಫಲಿತಾಂಶ ಸಿಗಲಿಲ್ಲ.

ನಮ್ಮಲ್ಲಿ ಹೋಮಿಯೋಪಥಿ ಬಗ್ಗೆ ಹೆಚ್ಚಾಗಿ ಕೇಳುವ ಪ್ರಶ್ನೆ, “ಅದರಲ್ಲಿ ಆಲ್ಕೋಹಾಲ್ ಇರುತ್ತದಲ್ಲ, ತೆಗೆದುಕೊಳ್ಳಬಹುದೇ?” ಎಂಬುದು. ಅದಕ್ಕೆ ಉತ್ತರ ಹೇಳಬೇಕಾದವರು ಉಲಮಾಗಳು. ವೈದ್ಯನಾಗಿ ನಾನು ಹೇಳುವುದಿಷ್ಟೇ: ಅದಕ್ಕೂ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. ಅದು ಕೆಲಸ ಮಾಡುತ್ತದೆಯೇ?

ಪರೀಕ್ಷೆಗಳು ಹೇಳಿದ್ದೇನು?

ಈ ಪ್ರಶ್ನೆ ಹೊಸದಲ್ಲ. 1835ರಲ್ಲೇ ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ ಐವತ್ತಕ್ಕೂ ಹೆಚ್ಚು ಜನರ ಮೇಲೆ ಒಂದು ಪರೀಕ್ಷೆ ನಡೆಯಿತು. ಕೆಲವು ಸೀಸೆಗಳಲ್ಲಿ 30ನೆಯ ಹಂತದ ಉಪ್ಪಿನ ಔಷಧ, ಉಳಿದವುಗಳಲ್ಲಿ ಬರೀ ಹಿಮದ ನೀರು. ಯಾರ ಕೈಯಲ್ಲಿ ಯಾವುದಿದೆ ಎಂಬುದು ಕುಡಿಯುವವರಿಗೂ ತಿಳಿಯದು, ಹಂಚುವವರಿಗೂ ತಿಳಿಯದು. ಹೆಚ್ಚಿನವರಿಗೆ ಏನೂ ಅನಿಸಲಿಲ್ಲ. ಏನೋ ಅನಿಸಿತು ಎಂದವರು ಎರಡೂ ಗುಂಪಿನಲ್ಲಿದ್ದರು.

2005ರಲ್ಲಿ ‘ಲಾನ್ಸೆಟ್’ ಪತ್ರಿಕೆಯಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ತಂಡ ಹೋಮಿಯೋಪಥಿಯ 110 ಪರೀಕ್ಷೆಗಳನ್ನು ಆಧುನಿಕ ವೈದ್ಯಕೀಯದ 110 ಪರೀಕ್ಷೆಗಳೊಂದಿಗೆ ಹೋಲಿಸಿತು. ದೊಡ್ಡದಾಗಿ, ಕಟ್ಟುನಿಟ್ಟಾಗಿ ನಡೆದ ಪರೀಕ್ಷೆಗಳನ್ನಷ್ಟೇ ತೆಗೆದುಕೊಂಡಾಗ ಹೋಮಿಯೋಪಥಿಯ ಪರಿಣಾಮ ಹುಸಿ ಗುಳಿಗೆಯ ಪರಿಣಾಮಕ್ಕಿಂತ ಬೇರೆಯಾಗಿ ಕಾಣಲಿಲ್ಲ. 2015ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿಯೂ, ಹೋಮಿಯೋಪಥಿ ಪರಿಣಾಮಕಾರಿ ಎನ್ನಲು ನಂಬಬಹುದಾದ ಪುರಾವೆಯಿರುವ ಒಂದು ಕಾಯಿಲೆಯೂ ಇಲ್ಲವೆಂಬ ತೀರ್ಮಾನಕ್ಕೆ ಬಂತು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ 2017ರಲ್ಲಿ ಇದನ್ನು ಬರೆದುಕೊಡಬಾರದೆಂದು ತನ್ನ ವೈದ್ಯರಿಗೆ ಸೂಚಿಸಿತು. ಫ್ರಾನ್ಸ್ ಸರ್ಕಾರ 2021ರಿಂದ ಇದರ ಖರ್ಚು ಭರಿಸುವುದನ್ನು ನಿಲ್ಲಿಸಿತು.

ನಮ್ಮ ದೇಶದಲ್ಲಿ ಹೋಮಿಯೋಪಥಿಗೆ ಕಾನೂನಿನ ಮಾನ್ಯತೆ ಇದೆ, ಕಾಲೇಜುಗಳಿವೆ. ಯುನಾನಿಗೂ ಇದೆ. ಆದರೆ ಮಾನ್ಯತೆ ಬೇರೆ, ಪುರಾವೆ ಬೇರೆ. 2020ರ ಜನವರಿ ಕೊನೆಯಲ್ಲಿ ಕೇಂದ್ರದ ಆಯುಷ್ ಸಚಿವಾಲಯ ಕೊರೋನಾ ತಡೆಗೆ ‘ಆರ್ಸೆನಿಕಮ್ ಆಲ್ಬಮ್ 30’ ಎಂಬ ಗುಳಿಗೆಯನ್ನು ಸೂಚಿಸಿತು. ಆಗ ಆ ಕಾಯಿಲೆ ಜಗತ್ತಿಗೆ ಪರಿಚಯವಾಗಿ ಒಂದು ತಿಂಗಳಷ್ಟೇ ಆಗಿತ್ತು. ಯಾವ ಪರೀಕ್ಷೆ ನಡೆಯಲು ಸಮಯವಿತ್ತು? ಅದೇ ಸೂಚನೆಯಲ್ಲಿ ಲಕ್ಷಣಗಳ ಶಮನಕ್ಕೆಂದು ಯುನಾನಿಯ ಕೆಲವು ಔಷಧಗಳ ಹೆಸರೂ ಇತ್ತು. ಅವುಗಳನ್ನೂ ಆ ಕಾಯಿಲೆಯ ಮೇಲೆ ಯಾರೂ ಪರೀಕ್ಷಿಸಿರಲಿಲ್ಲ. ಇದನ್ನು ಮುಚ್ಚಿಟ್ಟು ಮೊದಲನೆಯದನ್ನಷ್ಟೇ ಹೇಳಿದರೆ ನಾನು ನ್ಯಾಯವಾಗಿ ಮಾತಾಡಿದಂತಾಗದು.

ಹಾಗಾದರೆ ಜನರಿಗೆ ಗುಣವಾಗುವುದು ಹೇಗೆ?

“ನನ್ನ ಮಗುವಿನ ಶೀತ ಆ ಗುಳಿಗೆಯಿಂದಲೇ ಹೋಯಿತು” ಎನ್ನುವ ತಾಯಿ ಸುಳ್ಳು ಹೇಳುತ್ತಿಲ್ಲ. ಮಗುವಿಗೆ ನಿಜವಾಗಿಯೂ ಗುಣವಾಗಿದೆ. ಆದರೆ ಅದಕ್ಕೆ ಮೂರು ಬೇರೆ ಕಾರಣಗಳಿರಬಹುದು.

ಮೊದಲನೆಯದು, ಶೀತ, ವೈರಲ್ ಜ್ವರ, ಸಾಮಾನ್ಯ ಭೇದಿ, ನರುಳ್ಳೆ ಇವೆಲ್ಲ ಹೆಚ್ಚಾಗಿ ತಾವಾಗಿಯೇ ಹೋಗುತ್ತವೆ. ಎರಡನೆಯದು, ಮೈಗ್ರೇನ್, ಉಬ್ಬಸ, ಎಸ್ಜಿಮಾ, ಸಂಧಿನೋವು ಒಮ್ಮೆ ಏರುತ್ತವೆ, ಒಮ್ಮೆ ಇಳಿಯುತ್ತವೆ. ನಾವು ವೈದ್ಯರ ಬಳಿ ಹೋಗುವುದು ನೋವು ಅತಿ ಹೆಚ್ಚಾದಾಗ. ಅಲ್ಲಿಂದ ಮುಂದೆ ಅದು ಇಳಿಯುವುದೇ ಸಹಜ. ಆಗ ಕೈಯಲ್ಲಿದ್ದ ಮದ್ದಿಗೆ ಹೆಸರು ಬರುತ್ತದೆ. ಮೂರನೆಯದು, ನಂಬಿಕೆ ಮತ್ತು ಆರೈಕೆ. ಹೋಮಿಯೋಪಥಿ ವೈದ್ಯರು ರೋಗಿಯ ಮಾತನ್ನು ಬಹಳ ಹೊತ್ತು ಕೇಳುತ್ತಾರೆ. ನಿದ್ರೆ, ಕನಸು, ಭಯ ಎಲ್ಲವನ್ನೂ ವಿಚಾರಿಸುತ್ತಾರೆ. ಸಂಧಿವಾತದ ರೋಗಿಗಳ ಮೇಲೆ ಬ್ರಿಟನ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಪ್ರಯೋಜನ ಕಂಡದ್ದು ಆ ಸಮಾಲೋಚನೆಯಿಂದಲೇ ಹೊರತು ಗುಳಿಗೆಯಿಂದಲ್ಲ ಎಂದು ಗೊತ್ತಾಯಿತು. ಎರಡು ನಿಮಿಷದಲ್ಲಿ ಚೀಟಿ ಬರೆದು ಕಳಿಸುವ ನಾವೆಲ್ಲರೂ, ಯುನಾನಿಯವರೂ ಅಲೋಪಥಿಯವರೂ, ಇದರಿಂದ ಕಲಿಯಬೇಕಾದದ್ದಿದೆ.

ಹೋಮಿಯೋಪಥಿಯ ಹೆಸರಿನಲ್ಲಿ ಸೇವೆ ಮಾಡಿದವರನ್ನು ಗೌರವಿಸಲು ಇದು ಅಡ್ಡಿಯಲ್ಲ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಆಗಸ್ಟಸ್ ಮುಲ್ಲರ್ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯ ಆರಂಭಿಸಿದರು. ಹತ್ತು ವರ್ಷದ ಬಳಿಕ, ಊರೇ ದೂರವಿಟ್ಟ ಕುಷ್ಠರೋಗಿಗಳಿಗೆ ಆಶ್ರಯ ಕೊಟ್ಟರು. ರೋಗಿಯನ್ನು ಮುಟ್ಟಿ ಆರೈಕೆ ಮಾಡಿದ್ದೇ ಆ ಕಾಲದಲ್ಲಿ ದೊಡ್ಡ ಚಿಕಿತ್ಸೆ. ಅದೇ ಸಂಸ್ಥೆಯಲ್ಲಿ ಇಂದು ಆಧುನಿಕ ವೈದ್ಯಕೀಯದ ದೊಡ್ಡ ಆಸ್ಪತ್ರೆಯೂ ಇದೆ.

ನನ್ನಿಂದಾದ ತಪ್ಪು

ಕ್ಲಿನಿಕ್ ತೆರೆದ ಹೊಸತರಲ್ಲಿ ನನಗೆ ಕಾಮಾಲೆಯ ವೈದ್ಯನೆಂದು ಹೆಸರು ಬಂದಿತ್ತು. ಅರ್ಕೆ ಕಾಸ್ನಿ, ಅರ್ಕೆ ಮಕೋ ಕೊಡುತ್ತಿದ್ದೆ, ಪಥ್ಯ ಹೇಳುತ್ತಿದ್ದೆ. ಮೂರು–ನಾಲ್ಕು ವಾರದಲ್ಲಿ ಕಣ್ಣಿನ ಹಳದಿ ಇಳಿಯುತ್ತಿತ್ತು. ಬಂದವರೆಲ್ಲ ದುಆ ಮಾಡಿ ಹೋಗುತ್ತಿದ್ದರು. ನನ್ನ ಔಷಧದ ಮೇಲೆ ನನಗೇ ಹೆಮ್ಮೆಯಿತ್ತು. ಅವರಲ್ಲಿ ಹೆಚ್ಚಿನವರು ಕಲುಷಿತ ನೀರಿನಿಂದ ಹೆಪಟೈಟಿಸ್ ‘ಎ’ ಬಂದ ಯುವಕರು, ಮಕ್ಕಳು. ಆ ಕಾಯಿಲೆ ಬಹುಪಾಲು ಜನರಲ್ಲಿ ವಿಶ್ರಾಂತಿ ಮತ್ತು ಆಹಾರದಿಂದಲೇ ಕೆಲವು ವಾರಗಳಲ್ಲಿ ವಾಸಿಯಾಗುತ್ತದೆ. ಪುಸ್ತಕದಲ್ಲಿ ಓದಿದ್ದೆ, ಆದರೆ ಕ್ಲಿನಿಕ್ಕಿನ ಹೊಗಳಿಕೆಯಲ್ಲಿ ಮರೆತಿದ್ದೆ.

ಆ ದಿನಗಳಲ್ಲಿ ಅರವತ್ತು ದಾಟಿದ ಒಬ್ಬ ನಿವೃತ್ತ ಮೇಷ್ಟ್ರು ಬಂದರು. ಕಣ್ಣು ಹಳದಿ, ಮೈಯೆಲ್ಲ ತುರಿಕೆ, ಮಲ ಮಣ್ಣಿನ ಬಣ್ಣ. ನೋವಿಲ್ಲ. ಪಿತ್ತನಾಳ ಕಟ್ಟಿಕೊಂಡಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಬೇಕಿಲ್ಲ. ನಾನು ಅದೇ ಅರ್ಕ್ ಕೊಟ್ಟೆ. “ಹೋದವಾರಕ್ಕಿಂತ ಸ್ವಲ್ಪ ಪರವಾಗಿಲ್ಲ ಹಕೀಮ್ ಸಾಹೇಬ್ರೇ” ಎಂದು ನನ್ನ ಮೇಲಿನ ಅಭಿಮಾನದಿಂದ ಅವರು ಹೇಳುತ್ತಿದ್ದರು, ನಾನು ನಂಬುತ್ತಿದ್ದೆ. ಏಳು ವಾರದ ಬಳಿಕ ಮಗಳು ಬಲವಂತದಿಂದ ಸ್ಕ್ಯಾನ್ ಮಾಡಿಸಿದರು. ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ ಬೆಳೆದು ಪಿತ್ತನಾಳವನ್ನು ಒತ್ತಿತ್ತು.

ಮೊದಲೇ ಕಳಿಸಿದ್ದರೆ ಅವರು ಬದುಕುತ್ತಿದ್ದರೇ ಎಂದು ನಾನು ಹೇಳಲಾರೆ. ಆದರೆ ಆ ಏಳು ವಾರ ಅವರದಾಗಿತ್ತು. ಅದನ್ನು ಕಳೆದವನು ನಾನು. ನಾನು ಕೊಟ್ಟದ್ದು ವಿಷವಲ್ಲ. “ಸೈಡ್ ಎಫೆಕ್ಟ್ ಇಲ್ಲ” ಎಂದು ನಾವು ಹೇಳುವ ಔಷಧದ ಅತಿ ದೊಡ್ಡ ಸೈಡ್ ಎಫೆಕ್ಟ್ ಇದೇ: ಕಳೆದುಹೋಗುವ ಸಮಯ. ವೈದ್ಯ ತಿಳಿಯದೆ ಚಿಕಿತ್ಸೆ ಮಾಡಿ ಹಾನಿಯಾದರೆ ಹೊಣೆ ಅವನದೇ ಎಂಬ ಪ್ರವಾದಿವರ್ಯರ(ಸ) ಬೋಧನೆ ನನಗೆ ಅಂದು ಬೇರೆಯೇ ರೀತಿಯಲ್ಲಿ ಅರ್ಥವಾಯಿತು.

ನಮ್ಮ ಹಿರಿಯರ ತಕ್ಕಡಿ

“ಸಾವಿರ ವರ್ಷದ ಪದ್ಧತಿ, ಪ್ರಶ್ನಿಸಬಾರದು” ಎನ್ನುವವರಿಗೆ ನಾನು ಆ ಸಾವಿರ ವರ್ಷದ ಹಿಂದಿನವರನ್ನೇ ತೋರಿಸುತ್ತೇನೆ. ಇಬ್ನ್ ಸೀನಾ (980–1037) ತಮ್ಮ ‘ಅಲ್ ಕಾನೂನ್’ ಗ್ರಂಥದಲ್ಲಿ ಔಷಧವನ್ನು ಪರೀಕ್ಷಿಸುವ ಷರತ್ತುಗಳನ್ನು ಹಾಕಿದ್ದಾರೆ. ಔಷಧ ಕಲಬೆರಕೆಯಿಲ್ಲದ್ದಾಗಿರಬೇಕು, ಹಲವು ರೋಗ ಸೇರಿದವನ ಮೇಲಲ್ಲ, ಒಂದೇ ರೋಗವಿರುವವನ ಮೇಲೆ ಪರೀಕ್ಷಿಸಬೇಕು, ಪರಿಣಾಮ ಯಾವ ಹೊತ್ತಿಗೆ ಕಂಡಿತು ಎಂದು ಗಮನಿಸಬೇಕು, ಒಮ್ಮೆ ಕಂಡರೆ ಸಾಲದು, ಯಾವಾಗಲೂ ಅಥವಾ ಹೆಚ್ಚಾಗಿ ಕಾಣಬೇಕು, ಇಲ್ಲದಿದ್ದರೆ ಅದು ಆಕಸ್ಮಿಕ, ಮತ್ತು ಪ್ರಾಣಿಯ ಮೇಲಿನ ಪರೀಕ್ಷೆ ಸಾಲದು, ಮನುಷ್ಯನ ಮೇಲೆಯೇ ಆಗಬೇಕು. ನನ್ನ ಅರ್ಕ್ ಈ ಪರೀಕ್ಷೆಯಲ್ಲಿ ಎಲ್ಲಿ ನಿಲ್ಲುತ್ತಿತ್ತು ಎಂದು ನೀವೇ ಹೇಳಿ.

ಅವರಿಗಿಂತ ಮೊದಲಿನ ಅರ್‌ರಾಝಿ, ಮೆದುಳಿನ ಉರಿಯೂತದ ಗುರುತು ಕಂಡ ರೋಗಿಗಳಲ್ಲಿ ಕೆಲವರ ರಕ್ತ ತೆಗೆದು, ಇನ್ನು ಕೆಲವರನ್ನು ಬೇಕೆಂದೇ ಹಾಗೆಯೇ ಬಿಟ್ಟು ಹೋಲಿಸಿದರು. ರಕ್ತ ತೆಗೆಯುವುದರಿಂದ ಪ್ರಯೋಜನವಿದೆ ಎಂಬ ಅವರ ತೀರ್ಮಾನವನ್ನು ಇಂದು ಒಪ್ಪಲಾಗದು, ಆದರೆ ಎರಡು ಗುಂಪನ್ನು ಹೋಲಿಸಬೇಕೆಂಬ ದಾರಿ ಸರಿಯಾದದ್ದು. ತಾವು ಗೌರವಿಸುತ್ತಿದ್ದ ಜಾಲೀನೂಸ್ (ಗೇಲನ್) ಮೇಲಿನ ಸಂದೇಹಗಳಿಗೆಂದೇ ಅವರು ಒಂದು ಗ್ರಂಥ ಬರೆದರು. ಮನುಷ್ಯನ ಕೆಳದವಡೆಯಲ್ಲಿ ಎರಡು ಎಲುಬುಗಳಿವೆ ಎಂದು ಜಾಲೀನೂಸ್ ಹೇಳಿದ್ದನ್ನು ಶತಮಾನಗಳ ಕಾಲ ಎಲ್ಲರೂ ನಂಬಿದ್ದರು. ಅಬ್ದುಲ್ಲತೀಫ್ ಅಲ್ ಬಗ್ದಾದಿ ಈಜಿಪ್ಟಿನಲ್ಲಿ ಬರಗಾಲದಿಂದ ಸತ್ತವರ ಎರಡು ಸಾವಿರಕ್ಕೂ ಹೆಚ್ಚು ತಲೆಬುರುಡೆಗಳನ್ನು ನೋಡಿ, ಅದು ಒಂದೇ ಎಲುಬು ಎಂದು ಬರೆದರು. ಗುರುವಿನ ಮಾತಿಗಿಂತ ಕಣ್ಣಿಗೆ ಕಂಡದ್ದು ದೊಡ್ಡದು ಎಂದರು. ಪರಂಪರೆಗೆ ನಿಷ್ಠೆಯೆಂದರೆ ಇದೇ.

ಈ ತಕ್ಕಡಿಯಲ್ಲಿ ಗೆದ್ದ ಔಷಧವೂ ಇದೆ. ಯುನಾನಿಯಲ್ಲಿ ‘ಅಸ್ರೋಲ್’ ಎನ್ನುವ ಸರ್ಪಗಂಧದ ಬೇರನ್ನು ಸಂಶೋಧಿಸಲು ಹಕೀಮ್ ಅಜ್ಮಲ್ ಖಾನ್ ದಿಲ್ಲಿಯ ತಿಬ್ಬಿಯಾ ಕಾಲೇಜಿನಲ್ಲಿ ರಸಾಯನಶಾಸ್ತ್ರಜ್ಞ ಸಲೀಮುಝ್ಝಮಾನ್ ಸಿದ್ದೀಕಿಯವರನ್ನು ತೊಡಗಿಸಿದರು. ಅದರಿಂದ ಬೇರ್ಪಡಿಸಿದ ಒಂದು ಅಂಶಕ್ಕೆ ಸಿದ್ದೀಕಿಯವರು ‘ಅಜ್ಮಲಿನ್’ ಎಂದು ಹಕೀಮರ ಹೆಸರನ್ನೇ ಇಟ್ಟರು. 1949ರಲ್ಲಿ ಮುಂಬಯಿಯ ಡಾ. ರುಸ್ತುಮ್ ಜಾಲ್ ವಕೀಲ್ ರಕ್ತದೊತ್ತಡದ ಮೇಲೆ ಸರ್ಪಗಂಧದ ಪರಿಣಾಮವನ್ನು ಬ್ರಿಟಿಷ್ ಪತ್ರಿಕೆಯಲ್ಲಿ ಪ್ರಕಟಿಸಿದರು. 1952ರಲ್ಲಿ ಅದರಿಂದ ರೆಸರ್ಪಿನ್ ದೊರೆತು ಜಗತ್ತಿನಾದ್ಯಂತ ಬಳಕೆಗೆ ಬಂತು. ಪ್ರಮಾಣ ಹೆಚ್ಚಾದರೆ ಮನಸ್ಸು ಕುಗ್ಗಿಸುತ್ತದೆ ಎಂಬ ದೋಷವೂ ಪರೀಕ್ಷೆಯಿಂದಲೇ ತಿಳಿಯಿತು. ಕೆಲಸ ಮಾಡುವ ಔಷಧಕ್ಕೆ ದೋಷವೂ ಇರುತ್ತದೆ, ಪ್ರಮಾಣವೂ ಇರುತ್ತದೆ.

“ನೈಸರ್ಗಿಕ” ಎಂಬ ಪದದ ಹಿಂದೆ

ಹೋಮಿಯೋಪಥಿಯ 30, 200 ಗುಳಿಗೆಗಳಲ್ಲಿ ಏನೂ ಇಲ್ಲದಿರುವುದೇ ಅವುಗಳ ಸುರಕ್ಷತೆ. ಆದರೆ ಮದರ್ ಟಿಂಕ್ಚರ್ ಮತ್ತು ಕಡಿಮೆ ಹಂತದ ಔಷಧಗಳಲ್ಲಿ ವಸ್ತು ಇರುತ್ತದೆ. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಮಕ್ಕಳಿಗೆ ಹಲ್ಲು ಬರುವಾಗ ಕೊಡುವ ಕೆಲವು ಹೋಮಿಯೋಪಥಿ ಗುಳಿಗೆಗಳಲ್ಲಿ ಬೆಲ್ಲಡೋನಾ ಎಂಬ ವಿಷಗಿಡದ ಅಂಶ ಲೇಬಲ್ಲಿನಲ್ಲಿ ಹೇಳಿದ್ದಕ್ಕಿಂತ ಬಹಳ ಹೆಚ್ಚಿರುವುದನ್ನು ಕಂಡುಹಿಡಿಯಿತು.

ನಮ್ಮ ಕಡೆಯ ಅಪಾಯ ಇನ್ನೂ ದೊಡ್ಡದು. ಸೀಸ, ಪಾದರಸ, ಸಂಖಿಯಾದಿಂದ (ಪಾಷಾಣ) ಮಾಡಿದ ಕುಷ್ತಾ ಮೂತ್ರಪಿಂಡವನ್ನು ಹಾಳು ಮಾಡಬಲ್ಲದು. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅಮೆರಿಕದ ಬಾಸ್ಟನ್ ಸುತ್ತಮುತ್ತಲಿನ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಔಷಧಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. ಕಟ್ಟಿನಲ್ಲಿ ಮಾರುವ ಹೆಸರಿಲ್ಲದ ಸಂಧಿನೋವಿನ ಪುಡಿಯಲ್ಲಿ ಸ್ಟಿರಾಯ್ಡ್ ಬೆರೆಸುವುದು, ಸಕ್ಕರೆ ಕಾಯಿಲೆಯ ಪುಡಿಯಲ್ಲಿ ಅಲೋಪಥಿ ಮಾತ್ರೆಯನ್ನೇ ಅರೆದು ಹಾಕುವುದು ಹಲವು ಸಲ ಪತ್ತೆಯಾಗಿದೆ. ಎರಡೇ ದಿನದಲ್ಲಿ ನೋವು ಮಾಯವಾದರೆ ಸಂತೋಷಪಡುವ ಮೊದಲು ಸಂಶಯಪಡಿ.

ಹಿಜಾಮಾದ ಬಗ್ಗೆಯೂ ಒಂದು ಮಾತು. ಕೆಲವು ನೋವುಗಳಲ್ಲಿ ಸ್ವಲ್ಪ ಕಾಲದ ಉಪಶಮನ ಕಂಡ ಪರೀಕ್ಷೆಗಳಿವೆ, ಆದರೆ ಅವು ಹೆಚ್ಚಾಗಿ ಸಣ್ಣವು. ಅದರಿಂದ ಕ್ಯಾನ್ಸರ್, ಕಿಡ್ನಿ ವೈಫಲ್ಯ ವಾಸಿಯಾಗುತ್ತದೆ ಎನ್ನುವವರನ್ನು ನಂಬಬೇಡಿ. ರಕ್ತಹೀನತೆ ಇರುವವರು, ಗರ್ಭಿಣಿಯರು, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ತಮ್ಮ ವೈದ್ಯರನ್ನು ಕೇಳದೆ ಮಾಡಿಸಿಕೊಳ್ಳಬಾರದು. ಬ್ಲೇಡ್ ಹೊಸದಾಗಿರಬೇಕು. ಒಬ್ಬರಿಗೆ ಬಳಸಿದ ಬ್ಲೇಡು, ಕಪ್ಪು ಇನ್ನೊಬ್ಬರಿಗೆ ಬಳಸಿದರೆ ಹೆಪಟೈಟಿಸ್ ‘ಬಿ’, ‘ಸಿ’ ಮತ್ತು ಎಚ್‌ಐವಿ ಹರಡಬಹುದು.

ಓದುಗರು ನೆನಪಿಡಬೇಕಾದದ್ದು

1. ಯಾವ ಪದ್ಧತಿಯ ವೈದ್ಯರಾದರೂ ಸರಿ, ಮೂರು ಪ್ರಶ್ನೆ ಕೇಳಿ: ನನಗಿರುವ ರೋಗದ ಹೆಸರೇನು? ಎಷ್ಟು ದಿನದಲ್ಲಿ ಏನು ಬದಲಾಗಬೇಕು? ಆಗದಿದ್ದರೆ ನನ್ನನ್ನು ಎಲ್ಲಿಗೆ ಕಳಿಸುತ್ತೀರಿ? ಮೂರನೆಯ ಪ್ರಶ್ನೆಗೆ ಕೋಪ ಬಂದರೆ ಎದ್ದು ಬನ್ನಿ.

2. ಇನ್ಸುಲಿನ್, ಬಿ.ಪಿ., ಅಪಸ್ಮಾರ, ಥೈರಾಯ್ಡ್, ಕ್ಷಯದ ಮಾತ್ರೆ ಮತ್ತು ಉಬ್ಬಸದ ಇನ್‌ಹೇಲರನ್ನು ಯಾರದೋ ಮಾತು ಕೇಳಿ ನಿಲ್ಲಿಸಬೇಡಿ. ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆಯಲ್ಲಿ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಅಪಾಯ.

3. ಗಂಟು, ಕಾರಣವಿಲ್ಲದೆ ತೂಕ ಇಳಿಯುವುದು, ಮಲ–ಮೂತ್ರ–ಕಫದಲ್ಲಿ ರಕ್ತ, ಎರಡು ವಾರ ದಾಟಿದ ಕೆಮ್ಮು, ಎದೆನೋವು, ಒಂದು ಪಕ್ಕದ ಬಲಹೀನತೆ – ಇವಕ್ಕೆ ಮೊದಲು ಆಸ್ಪತ್ರೆಯ ಪರೀಕ್ಷೆ.

4. ಕಾಮಾಲೆಯಲ್ಲಿ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಮಲ ಬಿಳಿಚಿದ್ದರೆ, ತುರಿಕೆ ಇದ್ದರೆ, ಮಂಪರು ಕವಿದರೆ ತಡಮಾಡಬೇಡಿ. ಗರ್ಭಿಣಿಯ ಕಾಮಾಲೆ ತುರ್ತು ಕಾಯಿಲೆ.

5. ಲೇಬಲ್ ಇಲ್ಲದ ಪುಡಿ, ಮಾಜೂನ್, ಗುಳಿಗೆ ಬೇಡ. ತಯಾರಿಕಾ ಪರವಾನಗಿ ಸಂಖ್ಯೆ, ದಿನಾಂಕ, ಒಳಗಿನ ವಸ್ತುಗಳ ಪಟ್ಟಿ ಇರಲಿ.

6. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಪಾರ್ಶ್ವವಾಯು ಮುಂತಾದವನ್ನು ವಾಸಿ ಮಾಡುತ್ತೇವೆ ಎಂಬ ಔಷಧದ ಜಾಹೀರಾತನ್ನು 1954ರ ಕಾನೂನು ನಿಷೇಧಿಸಿದೆ. ಅಂತಹ ಜಾಹೀರಾತು ಕಂಡರೆ ಅದೇ ಎಚ್ಚರಿಕೆಯ ಗಂಟೆ.

7. ಯಾವ ಪದ್ಧತಿಯ ಔಷಧ ತಿನ್ನುತ್ತಿದ್ದರೂ ನಿಮ್ಮ ವೈದ್ಯರಿಂದ ಮುಚ್ಚಿಡಬೇಡಿ. ಶಸ್ತ್ರಚಿಕಿತ್ಸೆಗೆ ಮುನ್ನ ಖಂಡಿತ ಹೇಳಿ.

ಆ ಸಹೋದರಿಗೆ ಈಗ ಚಿಕಿತ್ಸೆ ನಡೆಯುತ್ತಿದೆ. ಗಂಟು ಕಂಕುಳವರೆಗೆ ಹಬ್ಬಿತ್ತು, ಹಾಗಾಗಿ ದಾರಿ ಉದ್ದವಿದೆ. ಮೊನ್ನೆ ಮಗ ಬಂದು, “ಅಮ್ಮನಿಗೆ ಹಸಿವಿಲ್ಲ, ಬಾಯಿ ಒಣಗುತ್ತದೆ, ಏನಾದರೂ ಕೊಡುತ್ತೀರಾ?” ಎಂದು ಕೇಳಿದ. ಮೊದಲು ಅವರ ಕ್ಯಾನ್ಸರ್ ವೈದ್ಯರಿಗೆ ಫೋನ್ ಮಾಡಿದೆ. ಅವರು ಒಪ್ಪಿದ ಮೇಲೆ ಆಹಾರದ ಕೆಲವು ಬದಲಾವಣೆ ಹೇಳಿದೆ, ಔಷಧವೇನೂ ಕೊಡಲಿಲ್ಲ. “ಇಷ್ಟೇನಾ ಡಾಕ್ಟ್ರೇ?” ಎಂದ. ಸದ್ಯಕ್ಕೆ ಇಷ್ಟೇ, ಆದರೆ ವಾರಕ್ಕೊಮ್ಮೆ ಬಂದು ಅಮ್ಮ ಹೇಗಿದ್ದಾರೆಂದು ಹೇಳಿ ಹೋಗು ಎಂದೆ.